ಆಗಸ್ಟ್‌ನಲ್ಲಿ ಹೋದರೆ ಯೊಸೆಮಿಟಿ ಜಲಪಾತದಲ್ಲಿ ನೀರಿರುತ್ತದೆಯೇ?

ಪ್ರಶ್ನೆ: ನಮ್ಮ ಮಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕೆಲಸದಲ್ಲಿದ್ದಾನೆ. ಬರುವ ವರ್ಷ ಆಗಸ್ಟ್‌ನಲ್ಲಿ ನಾನೂ ನಮ್ಮ ಯಜಮಾನರೂ ಅವನಲ್ಲಿಗೆ ಹೋಗಬೇಕೆಂದಿದ್ದೇವೆ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ದೊಡ್ಡ ಜಲಪಾತವನ್ನು ನೋಡುವ ಆಸೆಯಿದೆ. ಆದರೆ ಆ ಹೊತ್ತಿಗೆ ಅದು ಬತ್ತಿರುತ್ತದೆ, ಮೇ ತಿಂಗಳಿಗೇ ಬನ್ನಿ ಎಂದು ಮಗ ಹೇಳುತ್ತಾನೆ. ಜೋಗ ತುಂಬಿ ಧುಮುಕುವ ತಿಂಗಳಲ್ಲಿ ಅಲ್ಲಿ ನೀರಿಲ್ಲದಿರುವುದು ಹೇಗೆ? ನನಗೆ ಮಂಡಿನೋವಿದೆ, ಎಷ್ಟು ನಡೆಯಬೇಕಾಗುತ್ತದೆ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಮಗನ ಮಾತು ಸರಿಯಾಗಿದೆ. ಟಿಕೆಟ್ ಇನ್ನೂ ಆಗಿಲ್ಲವಾದರೆ ಪ್ರಯಾಣವನ್ನು ಮೇ ತಿಂಗಳಿಗೆ, ತಪ್ಪಿದರೆ ಜೂನ್ ಮೊದಲ ವಾರಗಳಿಗೆ ಬದಲಿಸಿಕೊಳ್ಳಿ.

ನಮ್ಮ ಜಲಪಾತಗಳು ಮುಂಗಾರಿನ ಮಳೆಯಿಂದ ತುಂಬುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಮಳೆಯೂ ಹಿಮವೂ ಬೀಳುವುದು ಮುಖ್ಯವಾಗಿ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಒಂದು ಹದಮಳೆಯೂ ಆಗದಿರುವುದು ಅಲ್ಲಿ ಸಾಮಾನ್ಯ. ಸಿಯೆರಾ ನೆವಾಡ ಬೆಟ್ಟಗಳ ಮೇಲೆ ಕೂತ ಹಿಮ ಏಪ್ರಿಲ್‌ನಿಂದ ಕರಗತೊಡಗಿ ಯೊಸೆಮಿಟಿ ತೊರೆಗೆ ಇಳಿಯುತ್ತದೆ. ಮೇ ಕೊನೆಯ ಸುಮಾರಿಗೆ ಹರಿವು ತನ್ನ ಉಚ್ಚಸ್ಥಿತಿಗೆ ಬರುತ್ತದೆ. ತೊರೆಯ ಜಲಾನಯನ ಬಹುಪಾಲು ಬೋಳು ಗ್ರಾನೈಟ್ ಬಂಡೆಯಾಗಿದ್ದು, ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುವಷ್ಟು ಮಣ್ಣು ಅಲ್ಲಿಲ್ಲ. ಚಿತ್ರದುರ್ಗದ ಕೋಟೆಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಬಂಡೆಯ ಮೇಲೆ ಬಿದ್ದ ಮಳೆ ಕ್ಷಣದಲ್ಲಿ ಜಾರಿಹೋಗುವುದರಿಂದಲೇ ಅಲ್ಲಿನವರು ಹೊಂಡಗಳನ್ನು ಕಟ್ಟಿ ಅದನ್ನು ತಡೆದರು. ಯೊಸೆಮಿಟಿ ತೊರೆಯಲ್ಲಿ ಅಂಥ ತಡೆಯಿಲ್ಲ; ಹಿಮ ಮುಗಿದ ಮೇಲೆ ನೀರೂ ಮುಗಿಯುತ್ತದೆ. ಆಗಸ್ಟ್ ವೇಳೆಗೆ ಸಣ್ಣ ಎಳೆ ಉಳಿದಿರಬಹುದು, ಇಲ್ಲವೇ ಬಂಡೆಯ ಮೇಲೆ ಕಪ್ಪು ಗುರುತಷ್ಟೇ ಕಾಣಬಹುದು. ಹಿಮ ಬಹಳ ಬಿದ್ದ ವರ್ಷಗಳಲ್ಲಿ ಹರಿವು ಇನ್ನಷ್ಟು ದಿನ ನಿಲ್ಲುತ್ತದೆ. ಏಪ್ರಿಲ್ ಆರಂಭದಲ್ಲಿ ಅಲ್ಲಿ ಹಿಮವನ್ನು ಅಳೆದು ಪ್ರಕಟಿಸುತ್ತಾರೆ, ಅದನ್ನು ನೋಡಿ ಹೇಳುವಂತೆ ಮಗನಿಗೆ ತಿಳಿಸಿ.

ತಿಂಗಳು ಬದಲಿಸಿ ಎಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ಜಲಪಾತದ ಒಟ್ಟು ಎತ್ತರ 739 ಮೀಟರ್. ಮೂರು ಹಂತಗಳಲ್ಲಿ ಮೇಲಿನದೊಂದೇ 436 ಮೀಟರ್. ನಮ್ಮ ಜೋಗ 253 ಮೀಟರ್. ಇಷ್ಟು ದೂರ ಹೋಗಿ, ಇಂಥದನ್ನು ಒಣಬಂಡೆಯಾಗಿ ನೋಡಿ ಬರುವುದು ಬೇಡವೆಂಬುದೇ ನನ್ನ ಕಳಕಳಿ.

ಮಂಡಿನೋವಿಗೆ ಅಂಜಬೇಕಿಲ್ಲ. ಕೆಳಹಂತದ ಬುಡಕ್ಕೆ ಹೋಗಿಬರುವ ದಾರಿ ಸುತ್ತಿ ಬಂದರೂ ಸುಮಾರು ಒಂದೂವರೆ ಕಿಲೋಮೀಟರ್, ಹೆಚ್ಚೂಕಡಿಮೆ ಸಮತಟ್ಟು. ಆ ದಾರಿಯ ಪಶ್ಚಿಮ ಭಾಗದಲ್ಲಿ ಒಂದೆಡೆ ಮರಗಳ ನಡುವೆ ಮೇಲಿನ ಹಂತವೂ ಕೆಳಗಿನದೂ ಒಂದೇ ನೇರದಲ್ಲಿ ಕಾಣುತ್ತವೆ. ಅಲ್ಲಿ ನಿಂತು ಸಾವಕಾಶವಾಗಿ ನೋಡಿ. ಮುಂದಿನ ಸೇತುವೆಯ ಮೇಲೆ ಮೇ ತಿಂಗಳಲ್ಲಿ ತುಂತುರು ಮುಖಕ್ಕೇ ಹೊಡೆಯುತ್ತದೆ, ಕನ್ನಡಕ ಒರೆಸಿಕೊಳ್ಳದೆ ಏನೂ ಕಾಣದು. ಮೇಲಿನ ಹಂತದ ತುದಿಗೆ ಹತ್ತುವ ದಾರಿ ಮಾತ್ರ ಹೋಗಿಬರಲು ಹನ್ನೊಂದು ಕಿಲೋಮೀಟರಿಗೂ ಹೆಚ್ಚು, 800 ಮೀಟರಿಗೂ ಮಿಕ್ಕಿದ ಏರು. ಅದರ ಯೋಚನೆಯನ್ನೇ ಬಿಡಿ.

ಆಗಸ್ಟ್ ಅನಿವಾರ್ಯವೆಂದಾದರೆ 188 ಮೀಟರ್ ಎತ್ತರದ ಬ್ರೈಡಲ್‌ವೇಲ್ ಜಲಪಾತವನ್ನು ನೋಡಿ. ಅದು ತೆಳ್ಳಗಾದರೂ ಸಾಮಾನ್ಯವಾಗಿ ವರ್ಷವಿಡೀ ಬೀಳುತ್ತದೆ, ನಡಿಗೆಯೂ ಅಲ್ಪ. ಮರ್ಸೆಡ್ ನದಿಯ ವರ್ನಲ್, ನೆವಾಡ ಜಲಪಾತಗಳಲ್ಲಿಯೂ ನೀರಿರುತ್ತದೆ. ಆದರೆ ಆ ದಾರಿಯ ಏರು ನಿಮ್ಮ ಮಂಡಿಗೆ ಆಗದು.

ಕಾರು ನಿಲ್ಲಿಸಲು ಜಾಗ ಬೇಗ ತುಂಬುವುದರಿಂದ ಬೆಳಗಿನ ಹೊತ್ತೇ ಕಣಿವೆ ಸೇರಿ, ಅಲ್ಲಿಂದ ಉದ್ಯಾನದ ಉಚಿತ ಬಸ್ಸಿನಲ್ಲಿ ಓಡಾಡಿ. ಬುತ್ತಿ ಒಯ್ಯಬಹುದು, ಆದರೆ ಅಳಿಲಿಗೆ ಒಂದು ಹಿಡಿ ಮಂಡಕ್ಕಿ ಹಾಕುವುದೂ ನಿಷಿದ್ಧ. ಕತ್ತಲಾದ ಮೇಲೆ ತಿಂಡಿಯನ್ನು ಕಾರಿನಲ್ಲಿ ಬಿಡಬೇಡಿ. ವಾಸನೆ ಹಿಡಿದ ಕರಡಿಗಳು ಬಾಗಿಲನ್ನೇ ಕಿತ್ತುಹಾಕುತ್ತವೆ. ತೊರೆಯ ಅಂಚಿನ ಬಂಡೆಗಳು ಒಣಗಿದಂತೆ ಕಂಡರೂ ನುಣುಪಾಗಿದ್ದು ಕಾಲು ಜಾರುತ್ತದೆ, ಹಿಮ ಕರಗಿದ ನೀರಿನ ಚಳಿಗೆ ಈಜು ಬಲ್ಲವರ ಕೈಕಾಲೂ ಮರಗಟ್ಟುತ್ತವೆ. ಫೋಟೋಗಾಗಿ ಯಾರೂ ಕಟಾಂಜನ ದಾಟಬಾರದು.

ಪ್ರಶ್ನೆ: ಇದೇ ಜಲಪಾತದಲ್ಲಿ ಹುಣ್ಣಿಮೆಯ ರಾತ್ರಿ ಕಾಮನಬಿಲ್ಲು ಮೂಡುತ್ತದೆಂದು ಮಗಳು ಹೇಳುತ್ತಾಳೆ. ಇದು ನಿಜವೇ?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ನಿಜ. ಏಪ್ರಿಲ್‌ನಿಂದ ಜೂನ್‌ವರೆಗಿನ ಹುಣ್ಣಿಮೆಗಳ ಆಸುಪಾಸು, ನೀರು ಜೋರಾಗಿದ್ದು ಆಕಾಶ ತಿಳಿಯಾಗಿದ್ದರೆ, ಕೆಳಹಂತದ ತುಂತುರಿನಲ್ಲಿ ಬೆಳದಿಂಗಳು ಬಿಲ್ಲಾಗಿ ಕಾಣುತ್ತದೆ. ಚಂದ್ರ ನಿಮ್ಮ ಬೆನ್ನ ಹಿಂದಿರಬೇಕು. ಬೆಳಕು ಮಂದವಾದ್ದರಿಂದ ಬರಿಗಣ್ಣಿಗೆ ಅದು ಬಹುತೇಕ ಬಿಳಿಯ ಕಮಾನು. ಬಣ್ಣಗಳು ಬೇಕಿದ್ದರೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ ಕೆಲವು ಸೆಕೆಂಡುಗಳವರೆಗೆ ಬೆಳಕು ಹಿಡಿಯಲು ಬಿಡಬೇಕು. ಮಗಳಿಗೆ ಸ್ವೆಟರನ್ನೂ ಲೆನ್ಸ್ ಒರೆಸಲು ಒಣಬಟ್ಟೆಯನ್ನೂ ಒಯ್ಯಲು ಹೇಳಿ; ಟಾರ್ಚನ್ನು ನಡೆಯುವಾಗ ಮಾತ್ರ ಬೆಳಗಿಸಲಿ, ಸುತ್ತ ನಿಂತವರ ಕಣ್ಣು ಕತ್ತಲಿಗೆ ಹೊಂದಿಕೊಂಡಿರುತ್ತದೆ.