ತಿಂಗಳ ಇಪ್ಪತ್ತಕ್ಕೇ ಕೈ ಖಾಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. ಕೈಗೆ ಸಿಗುವ ಸಂಬಳ 34,000 ರೂಪಾಯಿ. ಇಪ್ಪತ್ತನೇ ತಾರೀಖಿಗೆ ಖಾತೆ ಬರಿದು. ಆ್ಯಪ್‌ನಲ್ಲಿ 7,000 ಸಾಲ ಎತ್ತಿ, ಸಂಬಳದ ದಿನ 7,350 ಕಟ್ಟುತ್ತೇನೆ. ಎರಡು ವರ್ಷದಿಂದ ಇದೇ ಪಾಡು. ತಿಂಗಳಿಗೆ 7,000 ಉಳಿಸುವುದು ನನ್ನ ಕೈಲಿ ಆಗದ ಮಾತು.

ಉತ್ತರ: ಅಷ್ಟು ಉಳಿಸಬೇಕಾಗಿಯೂ ಇಲ್ಲ. ನಿಮಗೆ ಪ್ರತಿ ತಿಂಗಳೂ 7,000 ಕಡಿಮೆ ಬೀಳುತ್ತಿದ್ದರೆ ಸಾಲ 14,000, 21,000 ಎಂದು ಬೆಳೆಯುತ್ತಾ ಹೋಗಬೇಕಿತ್ತು. ಅದು ಇದ್ದಲ್ಲೇ ಇದೆ. ಅಂದರೆ ಎಂದೋ ಒಮ್ಮೆ ಕಡಿಮೆ ಬಿದ್ದ 7,000ವೇ ಇವತ್ತಿಗೂ ಸುತ್ತು ಹೊಡೆಯುತ್ತಿದೆ. ಸಂಸಾರ ಸಂಬಳದೊಳಗೇ ನಡೆಯುತ್ತಿದೆ. ನೀವು ಹತ್ತು ದಿನ ಹಿಂದೆ ಬಿದ್ದಿದ್ದೀರಿ, ಅಷ್ಟೇ. ಆದರೆ ಆ ಹತ್ತು ದಿನಕ್ಕೆ ಕೊಡುವ 350 ಅಂದರೆ ನೂರಕ್ಕೆ ಐದು. ವರ್ಷದ ಲೆಕ್ಕದಲ್ಲಿ ಶೇ. 150 ದಾಟುತ್ತದೆ.

ಸಂಬಳದಲ್ಲಿ ಆ 350 ಶುಲ್ಕ ಕಳೆದರೆ ಈಗ ಮನೆಖರ್ಚು 33,650. ಅದನ್ನು 32,650ಕ್ಕೆ ತನ್ನಿ, ಬರೀ ಒಂದು ಸಾವಿರ ಇಳಿಕೆ. ಈ ತಿಂಗಳು 6,000 ಎತ್ತಿದರೆ ಸಾಕು. ಶುಲ್ಕವೂ ತಗ್ಗುವುದರಿಂದ ಮುಂದಿನ ತಿಂಗಳು 4,950, ಆಮೇಲೆ ಸುಮಾರು 3,850, 2,690, 1,470, ಆರನೇ ತಿಂಗಳು 200. ಏಳನೆಯದಕ್ಕೆ ಸಾಲವಿಲ್ಲ, ಸಾವಿರ ರೂಪಾಯಿ ಕೈಯಲ್ಲಿ ಉಳಿದಿರುತ್ತದೆ.

ಇದು ಕೆಡುವುದು ಸಾಮಾನ್ಯವಾಗಿ ಎರಡನೇ ತಿಂಗಳಲ್ಲಿ. ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೆ ಆ್ಯಪ್ ‘ನಿಮ್ಮ ಮಿತಿ ಏರಿಸಿದ್ದೇವೆ’ ಎಂದು ಸಂದೇಶ ಕಳಿಸುತ್ತದೆ. 4,950 ಬೇಕಿದ್ದಾಗ ‘ಇರಲಿ’ ಎಂದು 8,000 ಒತ್ತಿದಿರೋ, ಮತ್ತೆ ಮೊದಲಿನಿಂದ ಶುರು.

ಆ ಸಾವಿರ ಎಲ್ಲಿಂದ? ಮೊದಲು ಯುಪಿಐ ಆ್ಯಪ್‌ನ ಆಟೋಪೇ (ತಾನಾಗಿ ಕಡಿತವಾಗುವ ಪಾವತಿಗಳ) ಪಟ್ಟಿ ತೆರೆಯಿರಿ. ನೋಡುವುದನ್ನೇ ಬಿಟ್ಟ ಓಟಿಟಿ, ಮರೆತ ಚಂದಾಗಳು ಅಲ್ಲೇ ಕೂತಿರುತ್ತವೆ. ಆಮೇಲೆ ಟೀ, ತರಕಾರಿ, ಹೋಟೆಲಿನಂಥ ಚಿಲ್ಲರೆ ಖರ್ಚನ್ನು ಅದೇ ಆ್ಯಪ್‌ನೊಳಗಿನ ಚಿಕ್ಕ ಪರ್ಸಿನಂಥ ಯುಪಿಐ ಲೈಟ್‌ಗೆ ಸರಿಸಿ. ಅದರಲ್ಲಿ 5,000ದವರೆಗೆ ಇಡಬಹುದು. ನೀವು ಪ್ರತಿ ಸೋಮವಾರ 1,200 ಮಾತ್ರ ತುಂಬಿ, ತಾನಾಗಿ ತುಂಬಿಕೊಳ್ಳುವ ಆಟೋ ಟಾಪ್-ಅಪ್ ಆಫ್ ಮಾಡಿಡಿ. ಪಿನ್ ಕೇಳದ್ದರಿಂದ ದುಡ್ಡು ಬೇಗ ಕರಗುತ್ತದೆ ನಿಜ. ಆದರೆ ಮುಗಿದದ್ದು ಗುರುವಾರವೇ ಗೊತ್ತಾಗುತ್ತದೆ, ಇಪ್ಪತ್ತನೇ ತಾರೀಖಿನವರೆಗೆ ಕಾಯಬೇಕಿಲ್ಲ. ಒಂದು ಎಚ್ಚರ: ಚಿಲ್ಲರೆ ಖರ್ಚನ್ನು ನಾಲ್ಕು ವಾರಕ್ಕೆ ಭಾಗಿಸಬೇಡಿ, ಐದಕ್ಕೆ ಭಾಗಿಸಿ. 29ರಿಂದ 31ರವರೆಗಿನ ದಿನಗಳೇ ಲೆಕ್ಕ ತಪ್ಪಿಸುವುದು.

ಕಂತುಗಳಿದ್ದರೆ ಅವುಗಳ ತಾರೀಖು 1 ಅಥವಾ 2 ಇರದಂತೆ ನೋಡಿಕೊಳ್ಳಿ. ಸಂಬಳ ಒಂದು ದಿನ ತಡವಾದರೂ ಕಂತು ಬೌನ್ಸ್ ಆಗುತ್ತದೆ. ನಿಮ್ಮ ಬ್ಯಾಂಕೂ ದಂಡ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ. 5 ಅಥವಾ 7ಕ್ಕೆ ಬದಲಿಸಿಕೊಡಿ ಎಂದು ಅರ್ಜಿ ಕೊಡಿ.

ಪ್ರಶ್ನೆ: ಕ್ರೆಡಿಟ್ ಕಾರ್ಡಿನಲ್ಲಿ 48,000 ಬಾಕಿ. ತಿಂಗಳು ತಪ್ಪದೆ ಮಿನಿಮಮ್ ಡ್ಯೂ (ಕನಿಷ್ಠ ಕಟ್ಟಲೇಬೇಕಾದ ಮೊತ್ತ) 2,400 ಕಟ್ಟುತ್ತಿದ್ದೇನೆ. ದಿನಸಿಗೂ ಅದೇ ಕಾರ್ಡು. ಬಾಕಿ ಇಳಿಯುತ್ತಲೇ ಇಲ್ಲವಲ್ಲ?

ಉತ್ತರ: ತಿಂಗಳಿಗೆ ಶೇ. 3.5 ಬಡ್ಡಿ ಎಂದಿಟ್ಟುಕೊಳ್ಳಿ. 48,000ಕ್ಕೆ 1,680 ಆಯಿತು. ಅದರ ಮೇಲೆ ಶೇ. 18 ಜಿಎಸ್‌ಟಿ, 302. ನೀವು ಕಟ್ಟಿದ 2,400ರಲ್ಲಿ ಅಸಲಿಗೆ ಹೋದದ್ದು 418 ರೂಪಾಯಿ. ಹಿಂದಿನ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿರಹಿತ ದಿನಗಳೂ ಸಿಗುವುದಿಲ್ಲ. ಇವತ್ತು ತಂದ ಅಕ್ಕಿಗೆ ಇವತ್ತಿನಿಂದಲೇ ಬಡ್ಡಿ.

ಮೊದಲು ದಿನಸಿಯನ್ನು ಕಾರ್ಡಿನಿಂದ ಬಿಡಿಸಿ. ಆಮೇಲೆ ನೌಕರರ ಸಹಕಾರ ಸಂಘದಲ್ಲೋ ಬ್ಯಾಂಕಿನಲ್ಲೋ ಶೇ. 14ರ ಆಸುಪಾಸಿನ ಸಾಲ ಸಿಗುತ್ತದೆಯೇ ವಿಚಾರಿಸಿ. ಆ ದರದಲ್ಲಿ 48,000ಕ್ಕೆ 24 ತಿಂಗಳ ಕಂತು ಸುಮಾರು 2,305. ಈಗ ಕಟ್ಟುತ್ತಿರುವುದಕ್ಕಿಂತ ಕಡಿಮೆಗೇ ಸಾಲ ಪೂರ್ತಿ ತೀರುತ್ತದೆ. ಮನೆಯಲ್ಲಿ ಚಿನ್ನವಿದ್ದರೆ ಬ್ಯಾಂಕಿನ ಚಿನ್ನದ ಸಾಲವೂ ಆದೀತು. ಕಾರ್ಡ್ ಕಂಪನಿಯೇ ‘ಇಎಂಐಗೆ ಬದಲಿಸಿ’ ಎಂದರೆ ಸಂಸ್ಕರಣಾ ಶುಲ್ಕ, ಬಡ್ಡಿಯ ಮೇಲಿನ ಜಿಎಸ್‌ಟಿ ಎರಡನ್ನೂ ಕೇಳಿ ತಿಳಿದೇ ಒಪ್ಪಿ.

ಬಾಕಿ ತೀರಿದ ದಿನವೇ ಕಾರ್ಡ್ ಮುಚ್ಚಲು ಬರೆದುಕೊಡಿ. ಖಾಲಿಯಾದ ಕಾರ್ಡು ಜೇಬಿನಲ್ಲಿದ್ದರೆ ಆರು ತಿಂಗಳಲ್ಲಿ ಕಂತೂ ಇರುತ್ತದೆ, ಹೊಸ ಬಾಕಿಯೂ ಇರುತ್ತದೆ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ, ಬಾಕಿ ಇಲ್ಲದ ಕಾರ್ಡನ್ನು ಕೋರಿಕೆ ಬಂದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೇ ಕೊಡಬೇಕು.

ಪ್ರಶ್ನೆ: ಹತ್ತು ತಿಂಗಳು ಹೇಗೋ ತೂಗಿಸುತ್ತೇವೆ. ಜೂನ್‌ನಲ್ಲಿ ಶಾಲೆ ಫೀಸು, ಆಮೇಲೆ ಗಣೇಶನ ಹಬ್ಬ ಬಂದಾಗ ಕೈಗಡ ತಪ್ಪುವುದಿಲ್ಲ.

ಉತ್ತರ: ಫೀಸು ಅನಿರೀಕ್ಷಿತ ಖರ್ಚಲ್ಲ, ತಾರೀಖು ಗೊತ್ತಿರುವ ಖರ್ಚು. ಫೀಸು, ಪುಸ್ತಕ, ಸಮವಸ್ತ್ರ, ಗಾಡಿಯ ವಿಮೆ, ಹಬ್ಬ, ಊರ ಜಾತ್ರೆ ಎಲ್ಲವನ್ನೂ ತಿಂಗಳ ಎದುರು ಬರೆಯಿರಿ. ಇಲ್ಲಿ ಹಲವರು ಎಡವುತ್ತಾರೆ: ಒಟ್ಟು ಮೊತ್ತವನ್ನು 12ರಿಂದ ಭಾಗಿಸುತ್ತಾರೆ. ಅದು ಎರಡನೇ ವರ್ಷದ ಲೆಕ್ಕ. ಮೊದಲ ವರ್ಷ ಉಳಿದ ತಿಂಗಳುಗಳಿಂದ ಭಾಗಿಸಬೇಕು. ಅಕ್ಟೋಬರ್‌ನಲ್ಲಿ ಶುರು ಮಾಡಿದರೆ ಜೂನ್‌ನ 24,000ಕ್ಕೆ ಇರುವುದು ಎಂಟೇ ತಿಂಗಳು, ತಿಂಗಳಿಗೆ 3,000. ಅಂಚೆ ಕಚೇರಿಯ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಐದು ವರ್ಷದ್ದು, ಇದಕ್ಕೆ ಹೊಂದದು. ಬ್ಯಾಂಕಿನಲ್ಲಿ ಫೀಸಿನ ಹೊತ್ತಿಗೆ ಮುಗಿಯುವಂತೆ ಆರ್‌ಡಿ ತೆರೆಯಿರಿ, ಸಂಬಳದ ಮರುದಿನವೇ ಕಡಿತವಾಗಲಿ.

ಪ್ರಶ್ನೆ: ಸಾಲ ತೀರಿಸಲು ಚೀಟಿ ಹಾಕಬಹುದೇ?

ಉತ್ತರ: ತಿಂಗಳಿಗೆ 5,000ದಂತೆ 20 ಜನರ ಒಂದು ಲಕ್ಷದ ಚೀಟಿಯನ್ನು ಎರಡನೇ ತಿಂಗಳೇ 20,000 ಬಿಟ್ಟು ಕೂಗಿದರೆ ಕೈಗೆ 80,000 ಬರುತ್ತದೆ, ಕಂತು ಮಾತ್ರ ಕೊನೆಯವರೆಗೂ ಕಟ್ಟಬೇಕು. ಅದು ಉಳಿತಾಯವಲ್ಲ, ಸಾಲ. ಕೊನೆಯ ತಿಂಗಳುಗಳವರೆಗೆ ತಡೆಯುವುದಾದರೆ ಹಾಕಿ. 1982ರ ಚೀಟಿ ನಿಧಿ ಕಾಯ್ದೆಯಡಿ ನೋಂದಣಿಯಾದದ್ದೇ ಇರಲಿ. ಸರ್ಕಾರಿ ಸ್ವಾಮ್ಯದ ಎಂಎಸ್ಐಎಲ್ ಕೂಡ ನಡೆಸುತ್ತದೆ. ನೋಂದಾಯಿತ ಚೀಟಿಯಲ್ಲಿ ನಡೆಸುವವರ ಕಮಿಷನ್ ಶೇ. 7 ಮೀರುವಂತಿಲ್ಲ. ಬೀದಿಯ ಚೀಟಿಯಲ್ಲಿ ಈ ರಕ್ಷಣೆ ಸಿಗದು. ಪುಸ್ತಕ ಹಿಡಿದವರು ಊರು ಬಿಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಆ ಪುಟ್ಟ ಪುಸ್ತಕದ ಸಹಿಗಳು ಮಾತ್ರ.