ಚಾರಣ ಪ್ರಶ್ನೋತ್ತರ: ಕುಮಾರಪರ್ವತ ಒಂದೇ ದಿನದಲ್ಲಿ ಆದೀತೇ?

ಡಿಸೆಂಬರ್ ರಜೆಯಲ್ಲಿ ನಾವು ಐವರು ಕುಕ್ಕೆಯಿಂದ ಕುಮಾರಪರ್ವತ ಹತ್ತಿ ಅಂದೇ ಇಳಿಯಬೇಕೆಂದಿದ್ದೇವೆ. ಸಮುದ್ರದಂಡೆಯ ಮೇಲೆ ನಡೆದ ಅಭ್ಯಾಸವಷ್ಟೇ ಇದೆ. ಸಾಧ್ಯವೇ? (ಕುಮಟಾದ ಓದುಗರು)

ಲೆಕ್ಕ ಹಾಕಿ ನೋಡಿ. ಕುಕ್ಕೆ ಸಮುದ್ರಮಟ್ಟದಿಂದ ನೂರಿಪ್ಪತ್ತು ಮೀಟರ್ ಆಸುಪಾಸಿನಲ್ಲಿದೆ, ಶಿಖರ 1,712 ಮೀಟರ್. ಏರು ಹತ್ತಿರ ಹತ್ತಿರ 1,600 ಮೀಟರ್. ದಾರಿ ಒಂದು ಕಡೆಗೇ ಸುಮಾರು 13 ಕಿ.ಮೀ. ಚಾರಣಿಗರ ಹಳೆಯ ಸೂತ್ರದಂತೆ 5 ಕಿ.ಮೀ.ಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ ಹಿಡಿದರೆ ಐದೂಕಾಲು ಗಂಟೆ ಆಯಿತು. ಅದು ಪಳಗಿದ ಕಾಲಿಗೆ, ತಂಪು ಹವೆಗೆ. ನಮ್ಮ ಸೆಕೆಗೆ, ಅಲ್ಲಲ್ಲಿ ನಿಂತು ಫೋಟೊ ತೆಗೆಯುವ ಗುಂಪಿಗೆ ಎಂಟು ಗಂಟೆ ಇಟ್ಟುಕೊಳ್ಳಿ. ಇಳಿಯಲು ಐದು. ಡಿಸೆಂಬರಿನ ಹಗಲೋ ಹನ್ನೊಂದೂವರೆ ಗಂಟೆ. ಕುಕ್ಕೆಯಿಂದ ಒಂದೇ ದಿನದಲ್ಲಿ ಆಗದು!

ಹಟ ಬಿಡಿ, ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿ. ಅತ್ತ ದಾರಿ ಸುಮಾರು 7 ಕಿ.ಮೀ. ಮಾತ್ರ. ಶಿಖರದ ಸಮೀಪ ಕಡಿದಾದ ಬಂಡೆಗಳಿವೆ, ಒದ್ದೆಯಾಗಿದ್ದರೆ ಜಾರುತ್ತವೆ. ಕುಕ್ಕೆಯಿಂದಲೇ ಹೋಗಬೇಕೆಂದರೆ ದಾರಿಯ ನಡುವಿನ ಗಿರಿಗದ್ದೆಯ ಭಟ್ಟರ ಮನೆವರೆಗೆ ಹೋಗಿ ಮರಳಿ. ಅಲ್ಲಿಯವರೆಗೆ ಕಾಡಿನ ನೆರಳು, ಬೇರು ತುಂಬಿದ ಏರು. ಮುಂದೆ ಬೋಳು ಹುಲ್ಲುಗುಡ್ಡ, ನಡು ಮಧ್ಯಾಹ್ನದ ಬಿಸಿಲು ನೇರ ತಲೆಗೆ. ಬಹಳ ಜನ ಸುಸ್ತಾಗಿ ಕೂರುವುದು ಇಲ್ಲಿಯೇ.

ಯಾವ ದಾರಿ ಹಿಡಿದರೂ ಹಿಂದಿರುಗುವ ಹೊತ್ತನ್ನು ಹೊರಡುವ ಮುಂಚೆಯೇ ಗೊತ್ತುಮಾಡಿಕೊಳ್ಳಿ. ಮಧ್ಯಾಹ್ನ 12.30 ಎಂದರೆ 12.30, ಶಿಖರ ಎದುರಿಗೇ ಕಾಣುತ್ತಿದ್ದರೂ ತಿರುಗಬೇಕು. ಕತ್ತಲಲ್ಲಿ ಬೇರು ಎಡವಿ ಕಾಲು ಉಳುಕಿದರೆ ಹೊತ್ತು ತರುವುದು ಉಳಿದ ನಾಲ್ವರೇ.

ಪರವಾನಗಿಯನ್ನು ಅರಣ್ಯ ಇಲಾಖೆಯ ಆನ್‌ಲೈನ್ ಬುಕ್ಕಿಂಗ್‌ನಲ್ಲಿ ಮೊದಲೇ ಪಡೆಯಿರಿ. 2024ರ ಜನವರಿ ಕೊನೆಯ ರಜೆಯಲ್ಲಿ ಜನ ಮುಗಿಬಿದ್ದ ಮೇಲೆ ನಿಯಮ ಬಿಗಿಯಾಗಿದೆ. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಕುಕ್ಕೆಗೆ ರೈಲಿನಲ್ಲಿ ಹೋಗುವವರು ಒಂದು ದಿನ ಮೊದಲೇ ತಲುಪಿ. ಪಂಚಗಂಗಾ ಎಕ್ಸ್‌ಪ್ರೆಸ್ ಸುಬ್ರಹ್ಮಣ್ಯ ರೋಡ್ ಮುಟ್ಟುವುದು ರಾತ್ರಿ ಹೊತ್ತಲ್ಲದ ಹೊತ್ತಿಗೆ. ನಿದ್ದೆಗೆಟ್ಟು ಏರು ಹತ್ತಬಾರದು.

ಎಷ್ಟು ನೀರು ಒಯ್ಯಬೇಕು? ಮುರುಗಲ (ಕೋಕಂ) ಪಾನಕ ಸಾಕೇ? (ಅಂಕೋಲಾ)

ತಲೆಗೆ 3 ಲೀಟರ್. ದಾರಿಯ ಕಲ್ಲುಮಂಟಪದ ಹತ್ತಿರ ನೀರು ಸಿಗುವುದುಂಟು, ಬೇಸಿಗೆಯಲ್ಲಿ ನಂಬಬೇಡಿ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರು ಕುಡಿದರೆ ಸಾಲದು. ಒಂದು ಲೀಟರಿಗೆ ಓಆರ್‌ಎಸ್ ಪೊಟ್ಟಣ ಕಲಸಿ. ಇಲ್ಲವೇ ಆರು ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮುರುಗಲ ಪಾನಕವೂ ಆದೀತು, ಉಪ್ಪು ಹಾಕಿದ್ದರೆ. ಬಾಯಾರುವ ಮೊದಲೇ, ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು.

ಇಳಿಯುವಾಗ ಮಂಡಿ ನೋಯುತ್ತದೆ, ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. (ಕಾರವಾರ)

ಉಗುರು ಕಪ್ಪಾಗುವುದು ಕಾಲು ಶೂ ಒಳಗೆ ಮುಂದಕ್ಕೆ ಜಾರಿ ತುದಿಗೆ ಬಡಿಯುವುದರಿಂದ. ಅರ್ಧ ಸೈಜ್ ದೊಡ್ಡ ಶೂ ಕೊಳ್ಳಿ, ಎರಡು ದಿನ ಮೊದಲೇ ಉಗುರು ಕತ್ತರಿಸಿ, ಇಳಿಯುವ ಮುನ್ನ ಪಾದದ ಗಂಟಿನ ಹತ್ತಿರ ಲೇಸ್ ಬಿಗಿಯಾಗಿ ಕಟ್ಟಿ. ಮಂಡಿಗೆ ಸಣ್ಣ ಹೆಜ್ಜೆ ಮತ್ತು ಒಂದು ಕೋಲು. ತೊಡೆಯ ಸ್ನಾಯು ಪಳಗುವುದು ಇಳಿಯುವ ಅಭ್ಯಾಸದಿಂದಲೇ. ನಿಮಗೆ ಗುಡ್ಡಳ್ಳಿಯ ಬೆಟ್ಟ ಹತ್ತಿರವೇ ಇದೆ. ಆರು ವಾರ, ವಾರಕ್ಕೆರಡು ಸಲ, ಬೆನ್ನಿಗೆ 5 ಕಿಲೋ ಹೊರೆ ಹಾಕಿ ಹತ್ತಿಳಿಯಿರಿ.

ಜನವರಿಯಲ್ಲಿ ನಮ್ಮೂರ ಕಾಡಿನಲ್ಲೇ ಅಭ್ಯಾಸ ಮಾಡಬಹುದೇ? ಮಂಗನ ಕಾಯಿಲೆಯ ಹೆದರಿಕೆ. (ಸಿದ್ದಾಪುರ)

ಹೆದರಿಕೆ ಸಕಾರಣವೇ. ಡಿಸೆಂಬರಿನಿಂದ ಮೇವರೆಗೆ ಈ ಕಾಯಿಲೆ ಹರಡುವ ಎಳೆಯ ಉಣುಗುಗಳ ಕಾಲ. ಉಂಬಳದಂತೆ ಕಣ್ಣಿಗೆ ಕಾಣುವಷ್ಟು ದೊಡ್ಡವಲ್ಲ. ಮಂಗ ಸತ್ತ ಸುದ್ದಿ ಬಂದ ಕಡೆ ಹೋಗಲೇಬೇಡಿ, ರಸ್ತೆಯ ಏರಿನಲ್ಲೇ ಅಭ್ಯಾಸ ಸಾಕು. ಬೇರೆಡೆಗಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿ, ಪ್ಯಾಂಟಿನ ಅಂಚು ಕಾಲುಚೀಲದೊಳಗೆ ತುರುಕಿ, ದರಕಿನ (ಒಣ ಎಲೆಗಳ) ಮೇಲೆ ಕೂರಬೇಡಿ. ಬಂದೊಡನೆ ಬಿಸಿನೀರು, ಸೋಪು, ಬಟ್ಟೆ ಕುದಿನೀರಿಗೆ. ಕಚ್ಚಿ ಹಿಡಿದ ಉಣುಗನ್ನು ಚಿಮಟಿಗೆಯಲ್ಲಿ ಚರ್ಮದ ಹತ್ತಿರ ಹಿಡಿದು ನೇರಕ್ಕೆ ಎಳೆಯಿರಿ; ಬೆರಳಲ್ಲಿ ಹಿಸುಕಬೇಡಿ, ಸೀಮೆಎಣ್ಣೆ ಸುರಿಯಬೇಡಿ. ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ ರಕ್ತಪರೀಕ್ಷೆ ಮಾಡಿಸಿ.