ಕಾರ್ಪ್‌ಜೋವ್ ಲೇಖನ: ಆ 20,000ದ ಲೆಕ್ಕ ಕೂಡುವುದಿಲ್ಲ

ನಮಸ್ಕಾರ. ಜರ್ಮನಿಯ ಕಾನೂನು ಪಂಡಿತ ಬೆನೆಡಿಕ್ಟ್ ಕಾರ್ಪ್‌ಜೋವ್ (1595–1666) ಬಗ್ಗೆ ನೀವು ಕಳಿಸಿದ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲು ಬರುವುದಿಲ್ಲ. ಭಾಷೆ ಸೊಗಸಾಗಿದೆ, ಶ್ರಮವೂ ಕಾಣುತ್ತದೆ. ತಿದ್ದಿ ಕಳಿಸಿದರೆ ತೆಗೆದುಕೊಳ್ಳಲು ನಮಗೆ ಮನಸ್ಸಿದೆ.

'20,000 ಜನರಿಗೆ ಸಾವು ಬರೆದ ಮನುಷ್ಯ' ಎಂದು ಶುರು ಮಾಡಿದ್ದೀರಿ. ಇದು ಆತನ ಹೆಸರಿಗೆ ಅಂಟಿಕೊಂಡು ಬಂದ ದಂತಕಥೆ. ಒಮ್ಮೆ ಲೆಕ್ಕ ಹಾಕಿ ನೋಡಿ. ಲೈಪ್‌ಜಿಗ್‌ನ ಷೋಪೆನ್‌ಸ್ಟೂಲ್ ಎಂಬ ಕಾನೂನು ಪಂಡಿತರ ಮಂಡಳಿಯಲ್ಲಿ ಆತ ಇದ್ದದ್ದು ಹೆಚ್ಚೆಂದರೆ 40 ವರ್ಷ. ಹಾಗಾದರೆ ವರ್ಷಕ್ಕೆ 500 ಮರಣದಂಡನೆ ಆಗಬೇಕು, ಭಾನುವಾರವೂ ಬಿಡದೆ ದಿನಕ್ಕೊಂದಕ್ಕಿಂತ ಹೆಚ್ಚು. ನಡುವೆ ಮೂವತ್ತು ವರ್ಷಗಳ ಯುದ್ಧ (1618–48) ಬೇರೆ. 1642ರಿಂದ 1650ರವರೆಗೆ ಲೈಪ್‌ಜಿಗ್ ಸ್ವೀಡನ್ ಸೈನ್ಯದ ಕೈಯಲ್ಲಿತ್ತು. ಮೇಲಾಗಿ ಅಲ್ಲಿನ ತೀರ್ಪು ಒಬ್ಬನದಲ್ಲ, ಇಡೀ ಮಂಡಳಿಯದು.

ಆತನನ್ನು ಉದ್ದಕ್ಕೂ 'ನ್ಯಾಯಾಧೀಶ' ಎಂದಿದ್ದೀರಲ್ಲ, ಎಡವಿದ್ದು ಅಲ್ಲೇ. ಲೈಪ್‌ಜಿಗ್ ಇರುವ ಸ್ಯಾಕ್ಸನಿ ರಾಜ್ಯದ ಸಣ್ಣ ಊರುಗಳ ನ್ಯಾಯಪೀಠದಲ್ಲಿ ಕೂತವರು ಬಹುಪಾಲು ಕಾನೂನು ಓದಿದವರಲ್ಲ. ಗಂಭೀರ ಪ್ರಕರಣ ಬಂದರೆ ಸಾಕ್ಷಿಗಳ ಹೇಳಿಕೆ, ಆರೋಪಿಯ ಉತ್ತರ ಎಲ್ಲವನ್ನೂ ಬರೆದು, ಕಡತ ಕಟ್ಟಿ ಲೈಪ್‌ಜಿಗ್‌ಗೆ ಕಳಿಸುತ್ತಿದ್ದರು. ಮಂಡಳಿಯವರು ಆರೋಪಿಯ ಮುಖ ನೋಡುತ್ತಿರಲಿಲ್ಲ. ಕಾಗದ ಓದಿ, ಉತ್ತರ ಬರೆದು ವಾಪಸು ಕಳಿಸುತ್ತಿದ್ದರು. ಆ ಉತ್ತರ ಮರಣದಂಡನೆಯೇ ಆಗಬೇಕಿರಲಿಲ್ಲ. ಬಿಡುಗಡೆ, ಗಡೀಪಾರು, ಇಲ್ಲವೇ 'ಇಷ್ಟು ಕುರುಹುಗಳಿದ್ದರೆ ಚಿತ್ರಹಿಂಸೆ ಕೊಟ್ಟು ವಿಚಾರಿಸಬಹುದು' ಎಂಬ ಅನುಮತಿಯೂ ಆಗಿರಬಹುದಿತ್ತು.

ಈ ಕೊನೆಯದನ್ನು ನೀವು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಲೇಖನದ ಜೀವ ಇರುವುದೇ ಇಲ್ಲಿ, ದಯವಿಟ್ಟು ಬಿಡಿಸಿ ಬರೆಯಿರಿ. ಇಡೀ ಜರ್ಮನ್ ಸಾಮ್ರಾಜ್ಯಕ್ಕೆಂದು ಬಂದ 1532ರ ಕರೋಲಿನಾ ದಂಡಸಂಹಿತೆಯ ಪ್ರಕಾರ, ಹಿಂಸೆಯಲ್ಲಿ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿ ಆಮೇಲೆ, ಹಿಂಸೆ ಇಲ್ಲದ ಹೊತ್ತಿನಲ್ಲಿ, ಮತ್ತೆ ಹೇಳಬೇಕು. ಕೇಳಲು ಇದು ರಕ್ಷಣೆಯಂತಿದೆ. ಆದರೆ ಹೇಳಿದ್ದನ್ನು ಅಲ್ಲಗಳೆದರೆ ಮತ್ತೆ ಹಿಂಸೆಗೆ ಒಯ್ಯಬಹುದಿತ್ತು. ಅದು ಗೊತ್ತಿದ್ದವನು ಎರಡನೇ ಸಲ ಏನು ಹೇಳಿಯಾನು? ಕಾರ್ಪ್‌ಜೋವ್ ಈ ಪದ್ಧತಿಯನ್ನು ಹುಟ್ಟಿಸಲಿಲ್ಲ; ಕ್ರಮಬದ್ಧವಾಗಿ ಜೋಡಿಸಿ, ಮಂಡಳಿಯ ತೀರ್ಪುಗಳನ್ನೇ ಉದಾಹರಣೆ ಕೊಟ್ಟು 1635ರಲ್ಲಿ 'ಪ್ರಾಕ್ಟಿಕಾ ನೋವಾ' ಎಂಬ ಗ್ರಂಥ ಮಾಡಿದ. ಅವನ ಕೈ ದೂರ ಚಾಚಿದ್ದು ಸಹಿಯಿಂದಲ್ಲ, ಈ ಪುಸ್ತಕದಿಂದ.

ಮಾಟದ ಪ್ರಕರಣಗಳ ಭಾಗವನ್ನೂ ತಿದ್ದಬೇಕು. ಕರೋಲಿನಾದ 109ನೇ ವಿಧಿ ಸುಡುವ ಶಿಕ್ಷೆ ಹೇಳುವುದು ಮಾಟದಿಂದ ಯಾರಿಗಾದರೂ ಹಾನಿಯಾಗಿದ್ದರೆ ಮಾತ್ರ. 1572ರ ಸ್ಯಾಕ್ಸನ್ ಕಾನೂನು ಇನ್ನೂ ಕಠಿಣ: ಸೈತಾನನ ಜೊತೆ ಒಪ್ಪಂದ ಮಾಡಿಕೊಂಡರೆ ಸಾಕು, ಹಾನಿ ಆಗಲೇಬೇಕೆಂದಿಲ್ಲ. ಕಾರ್ಪ್‌ಜೋವ್ ನಿಂತದ್ದು ಈ ಎರಡನೆಯದರ ಪಕ್ಕ. ಈ ವ್ಯತ್ಯಾಸ ಹೇಳದೆ 'ಅವನೇ ಕ್ರೂರಿ' ಎಂದರೆ ಓದುಗ ನಂಬುವುದಿಲ್ಲ. ಕೊನೆಯ ಪುಟದಲ್ಲಿ 'ಆ ಕಾಲದವರೆಲ್ಲ ಹಾಗೇ ಯೋಚಿಸುತ್ತಿದ್ದರು' ಎಂದು ಬಿಟ್ಟುಕೊಟ್ಟಿರುವುದೂ ಸರಿಯಲ್ಲ. ಜೆಸ್ಯೂಟ್ ಪಾದ್ರಿ ಫ್ರೀಡ್ರಿಶ್ ಷ್ಪೇ ಬರೆದ 'ಕೌಟಿಯೊ ಕ್ರಿಮಿನಾಲಿಸ್' 1631ರಲ್ಲೇ, ಲೇಖಕನ ಹೆಸರಿಲ್ಲದೆ, ಅಚ್ಚಾಗಿತ್ತು. ಮಾಟಗಾತಿಯರನ್ನು ಹುಟ್ಟಿಸುವುದೇ ಚಿತ್ರಹಿಂಸೆ ಎಂಬುದು ಅದರ ವಾದ. ಅಂದರೆ ಬೇರೆ ರೀತಿ ಯೋಚಿಸಲು ಆಗಲೂ ಸಾಧ್ಯವಿತ್ತು. ಈ ಮಾತು ನಿಮ್ಮ ಲೇಖನದಲ್ಲಿ ಇರಲೇಬೇಕು.

ಸಣ್ಣ ತಿದ್ದುಪಡಿಗಳು: ಮೂರನೇ ಪುಟದಲ್ಲಿ ತಂದೆ-ಮಗ ಕಲಸಿಹೋಗಿದ್ದಾರೆ. ಇಬ್ಬರ ಹೆಸರೂ ಬೆನೆಡಿಕ್ಟ್, ಇಬ್ಬರೂ ಕಾನೂನಿನವರು. ವಿಟೆನ್‌ಬರ್ಗ್‌ನಲ್ಲಿ ಪ್ರಾಧ್ಯಾಪಕನಾಗಿದ್ದವನು ತಂದೆ. ಮಗ ಹೆಚ್ಚಾಗಿ ಕೆಲಸ ಮಾಡಿದ್ದು ಲೈಪ್‌ಜಿಗ್‌ನಲ್ಲಿ. ಪ್ರಾಟೆಸ್ಟಂಟ್ ಚರ್ಚಿನ ಕಾನೂನಿನ ಬಗ್ಗೆ 1649ರಲ್ಲಿ ಬಂದ ಅವನ ಗ್ರಂಥಕ್ಕೆ ಒಂದು ಪ್ಯಾರಾ ಕೊಡಿ. ಜಾಗಕ್ಕಾಗಿ ಯುದ್ಧದ ವರ್ಣನೆಯನ್ನು ನಾಲ್ಕು ಸಾಲಿಗೆ ಇಳಿಸಿ. ಹೊಸ ಕರಡು ಆ ಸಂಖ್ಯೆಯಿಂದ ಬೇಡ, ಸಣ್ಣ ಊರಿನಿಂದ ಲೈಪ್‌ಜಿಗ್‌ಗೆ ಹೊರಟ ಕಡತದ ಕಟ್ಟಿನಿಂದ ಶುರುವಾಗಲಿ.